ಬೈಂಡಿಂಗಕ್ಕನ ನೊಣ

ಅಂಟಿಗೆ ಅವಸರ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಾಜೆಕ್ಟ್ ಒಪ್ಪಿಸಬೇಕು ಎಂದು ಕಾಲೇಜಿನ ಮಕ್ಕಳು ಬಾಗಿಲಲ್ಲಿ ನಿಂತು ತಕತಕ ಕುಣಿದರೂ, ಪುಸ್ತಕದ ಬೆನ್ನಿಗೆ ಬಳಿದ ಅಂಟು ತನ್ನ ಪಾಡಿಗೆ ತಾನು ಒಣಗುತ್ತದೆ. ಆ ಹೊತ್ತನ್ನು ಬೈಂಡಿಂಗಕ್ಕ ಹಾಳು ಮಾಡುತ್ತಿರಲಿಲ್ಲ. "ಸುಮ್ನೆ ಯಾಕೆ ಗಡಿಯಾರ ನೋಡ್ತೀರಾ? ಒಂದು ಜೋಡಿ ಕೇಳಿ," ಎನ್ನುತ್ತಿದ್ದಳು.

ಜೋಡಿ ಎಂದರೆ ಕಿವಿಗೆ ಒಂದೇ ಥರ ಕೇಳಿಸುವ ಎರಡು ಇಂಗ್ಲಿಷ್ ಪದ. ಕೆಲವು ಜೋಡಿಗಳಿಗೆ ಹುಟ್ಟಿದ ಮನೆಯೇ ಬೇರೆ. ಕೆಲವು ಒಂದೇ ಮನೆಯಲ್ಲಿ ಹುಟ್ಟಿ, ಆಮೇಲೆ ಪಾಲಾಗಿ, ಬೇರೆ ಬೇರೆ ಒಲೆ ಹೂಡಿಕೊಂಡವು. ಯಾವುದು ನೆಂಟಸ್ತನ, ಯಾವುದು ಬರೀ ಹೋಲಿಕೆ ಎಂದು ಬಿಡಿಸಿ ಹೇಳುವುದರಲ್ಲಿ ಅಕ್ಕನಿಗೆ ಎಲ್ಲಿಲ್ಲದ ಖುಷಿ.

"ಗಿರಣಿಯಿಂದ ಬರೋ ಹಿಟ್ಟೂ ಫ್ಲವರ್, ಗಿಡದಲ್ಲಿ ಬಿಡೋ ಹೂವೂ ಫ್ಲವರ್. ಯಾಕೆ ಹೇಳಿ? ಮೊದಲು ಎರಡೂ ಒಂದೇ ಪದ. ಜರಡಿ ಹಿಡಿದಾಗ ಕೆಳಗೆ ಬೀಳುತ್ತಲ್ಲ ನುಣ್ಣನೆ ಹಿಟ್ಟು, ಅದು ಕಾಳಿನ ಹೂವು ಅಂತ ಅವರ ಲೆಕ್ಕ. ಬರೆಯೋವಾಗ ಬೇರೆ ಮಾಡಿದ್ದು ಎಷ್ಟೋ ಕಾಲ ಆದಮೇಲೆ. ನಾವು ನೋಡಿ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅವೆರಡಕ್ಕೂ ಜಗಳ ತಂದಿಟ್ಟಿದ್ದೀವಿ!"

ಮಕ್ಕಳು ನಗುತ್ತಿದ್ದರು. ನಗುವಷ್ಟರಲ್ಲಿ ಅಂಟು ಒಣಗಿರುತ್ತಿತ್ತು. ಪರೀಕ್ಷೆಯಲ್ಲಿ ಏನು ಮರೆತರೂ ಹಿಟ್ಟು-ಹೂವು ಮರೆಯದ ಮಕ್ಕಳು ಆ ಊರಿನಲ್ಲಿ ನೂರಾರು ಇದ್ದಾರೆ.

ಅವಳ ಅಂಗಡಿ ಪ್ರೆಸ್ಸಿನ ಪಕ್ಕದ ಓಣಿಯಲ್ಲಿ ಒಂದೇ ಕೋಣೆ. ಗೋಡೆಗೆ ಒರಗಿದ ರಟ್ಟಿನ ಹಾಳೆಗಳು, ದೊಡ್ಡ ಚಕ್ರದ ಕಟಿಂಗ್ ಮಷಿನ್, ಹೊಲಿಗೆಯ ದಾರ, ದಬ್ಬಳ, ಹುಳ ಹತ್ತದಿರಲಿ ಎಂದು ಮೈಲುತುತ್ತ ಬೆರೆಸಿ ಕಾಯಿಸಿದ ಮೈದಾ ಅಂಟಿನ ಪಾತ್ರೆ. ಇಷ್ಟು ಬಿಟ್ಟರೆ ಕಿಟಕಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ. ಉಳಿದ ರಟ್ಟಿನಿಂದ ತಾನೇ ಮಾಡಿ, ಉಳಿದ ಕೆಂಪು ಬಟ್ಟೆ ಹೊದಿಸಿದ್ದು. ಅದರೊಳಗೆ ಮುನ್ನೂರ ಹನ್ನೆರಡು ಚೀಟಿ. ಒಂದೊಂದು ಚೀಟಿಗೆ ಒಂದೊಂದು ಜೋಡಿ, ಅರ್ಥ, ಎಲ್ಲಿಂದ ಬಂತು ಎಂಬ ವಿಚಾರ, ಕೆಳಗೆ ಅಕ್ಕನದೇ ಒಂದು ಮಾತು. ಪುಸ್ತಕದ ಅಂಚು ಕತ್ತರಿಸಿದಾಗ ಬೀಳುವ ಕಾಗದದ ಪಟ್ಟಿಗಳೇ ಚೀಟಿ. ಕಸಕ್ಕೆ ಹೋಗುವ ಕಾಗದಕ್ಕೆ ಇಂಗ್ಲಿಷ್ ಕಲಿಸಿದವಳು ಎಂದು ಪ್ರೆಸ್ಸಿನವರು ತಮಾಷೆ ಮಾಡುತ್ತಿದ್ದರು.

ಅವಳಿಗೆ ಇಂಗ್ಲಿಷ್ ಕಲಿಸಿದವರು ಯಾರು ಎಂದು ಕೇಳಿದರೆ ಉತ್ತರ ವಿಚಿತ್ರ: ಇಲಿಗಳು. ಓದಿದ್ದು ಒಂಬತ್ತನೇ ತರಗತಿ, ಅದೂ ಪೂರ್ತಿಯಲ್ಲ. ಕುದುರೆಗಾಡಿ ಹೊಡೆಯುತ್ತಿದ್ದ ಅಪ್ಪ ಹಾಸಿಗೆ ಹಿಡಿದ ವರ್ಷ ಶಾಲೆ ಬಿಡಿಸಿ ಬೈಂಡಿಂಗ್ ಯಜಮಾನರ ಹತ್ತಿರ ಕೆಲಸಕ್ಕೆ ಹಾಕಿದರು. ಯಜಮಾನರು ಹಳೇ ಕಾಲದವರು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೊದಲ ದಿನವೇ ಹೇಳಿದ್ದರು: "ಬೈಂಡರ್ ನೋಡಬೇಕು, ಓದಬಾರದು. ಪುಟದ ತಲೆ ನೋಡು, ಕಾಲು ನೋಡು, ನಂಬರ್ ನೋಡು, ಮುಂದಕ್ಕೆ ಹೋಗು. ಓದ್ತಾ ಕೂತರೆ ಹಾಳೆ ತಪ್ಪುತ್ತೆ."

ಹತ್ತು ವರ್ಷ ಅವಳು ಆ ಮಾತು ಮೀರಲಿಲ್ಲ. ಯಜಮಾನರು ತೀರಿಕೊಂಡು ಅಂಗಡಿ ಇವಳ ಕೈಗೆ ಬಂದ ವರ್ಷ ಕಾಲೇಜಿನಿಂದ ಮೂರು ಸಂಪುಟದ ದೊಡ್ಡ ಇಂಗ್ಲಿಷ್ ನಿಘಂಟು ರಿಪೇರಿಗೆ ಬಂತು. ಉಗ್ರಾಣದಲ್ಲಿ ಬಿದ್ದಿದ್ದ ಅದರ ಮೇಲಂಚನ್ನು ಇಲಿಗಳು ತಿಂದು ಹಾಕಿದ್ದವು. ಪುಟದ ನಂಬರಿಲ್ಲ, ತಲೆಯಲ್ಲಿ ಅಚ್ಚಾಗಿರುವ ಪದವಿಲ್ಲ. ಹೊಲಿಗೆ ಕಿತ್ತು ಹಾಳೆಗಳು ಚೆಲ್ಲಾಪಿಲ್ಲಿ. ಓದದೆ ಜೋಡಿಸುವ ದಾರಿಯೇ ಇರಲಿಲ್ಲ. ಹೀಗಾಗಿ ಅಕ್ಕ ಓದಿದಳು. ಆ ಪುಟದ ಕೊನೆ, ಈ ಪುಟದ ಮೊದಲು, ಸರಿ ಹೊಂದುತ್ತದೆಯೇ ನೋಡಿ ಮುಂದಕ್ಕೆ. ಗೊತ್ತಾಗದ್ದನ್ನು ಪ್ರೆಸ್ಸಿನ ಕರಡು ತಿದ್ದುವವರನ್ನು ಕಾಡಿ ಕೇಳಿದಳು. ಏಳು ತಿಂಗಳು ಹಿಡಿಯಿತು. ಒಂದೇ ದನಿಯ ಪದಗಳು ನಿಘಂಟಿನಲ್ಲಿ ಹೆಚ್ಚಾಗಿ ಅಕ್ಕಪಕ್ಕದ ಮನೆಯವೇ ಆದ್ದರಿಂದ ಅವಳ ಕಣ್ಣು ಮೊದಲು ಬಿದ್ದದ್ದು ಅವುಗಳ ಮೇಲೆ. ನಿಘಂಟು ಕಾಲೇಜಿಗೆ ವಾಪಸು ಹೋಯಿತು, ಹುಚ್ಚು ಇವಳ ಹತ್ತಿರವೇ ಉಳಿಯಿತು.

ಮದುವೆ ಮಾತು ಬರದೇ ಇರಲಿಲ್ಲ. ಒಂದು ಸಂಬಂಧ ಕೂಡಿಯೇ ಬಿಟ್ಟಿತ್ತು. ಮದುವೆಯಾದ ಮೇಲೆ ಈ ಅಂಟು-ಗಿಂಟು ನಡೆಯಲ್ಲ ಎಂದು ಹುಡುಗನ ಕಡೆಯವರು ಹೇಳಿ ಕಳಿಸಿದರು. ಹಾಗಾದರೆ ಮದುವೆಯೂ ನಡೆಯಲ್ಲ ಎಂದು ಇವಳು ಹೇಳಿ ಕಳಿಸಿದಳು. ಆಮೇಲೆ ಯಾರಾದರೂ ಕೆದಕಿದರೆ ಒಂದು ಚೀಟಿ ತೆಗೆಯುತ್ತಿದ್ದಳು. "ಮದುಮಗಳದ್ದೂ ಬ್ರೈಡಲ್, ಕುದುರೆ ಬಾಯಿಗೆ ಹಾಕೋ ಕಡಿವಾಣವೂ ಬ್ರೈಡಲ್. ಮೊದಲನೇದು ಮದುವೆ ಮನೆಯಲ್ಲಿ ಕುಡಿಯೋ ಬಿಯರಿಂದ ಬಂದದ್ದು, ಎರಡನೇದು ಹಿಡಿದು ಜಗ್ಗೋದರಿಂದ. ಒಂದರಲ್ಲಿ ಕುಡಿತ, ಇನ್ನೊಂದರಲ್ಲಿ ಜಗ್ಗಾಟ. ಎರಡೂ ನನಗೆ ಒಗ್ಗಲ್ಲ ತಾಯಿ."

ಹೀಗೆ ನಲವತ್ತು ವರ್ಷ. ಅಷ್ಟು ವರ್ಷಗಳಲ್ಲಿ ಅಕ್ಕ ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಹಿಂದುಮುಂದಾಗಿದೆ ಎಂದು ಯಾರೂ ವಾಪಸು ತಂದಿರಲಿಲ್ಲ. ಅವಳಿಗಿದ್ದ ಒಂದೇ ಜಂಬ ಅದು. "ಹಾಳೆ ತಪ್ಪಿದ್ದರೆ ತೋರಿಸಿ, ಅಂಗಡಿಗೆ ಬೀಗ ಹಾಕ್ತೀನಿ," ಎಂದು ಸವಾಲು ಹಾಕುತ್ತಿದ್ದಳು. ಕಾಲೇಜಿನ ಕೆಲಸವೆಲ್ಲ ಅವಳಿಗೇ ಬರುತ್ತಿದ್ದದ್ದು ಈ ಮಾತಿನ ಬಲದಿಂದ.

ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಒಬ್ಬರಿದ್ದರು. ಸುಡುಬಿಸಿಲಲ್ಲೂ ಕೋಟು ಬಿಚ್ಚದವರು. ಮಕ್ಕಳ ಬಾಯಲ್ಲಿ ಕೋಟು ಪ್ರೊಫೆಸರ್. ಮೂರು ವರ್ಷದ ಹಿಂದೆ ಏನೋ ಹೊಲಿಸಲು ಬಂದವರು ಅಂಟು ಒಣಗುವ ತನಕ ನಿಂತು ಎರಡು ಜೋಡಿ ಕೇಳಿದರು. ಮೂರನೆಯದಕ್ಕೆ ಸ್ಟೂಲ್ ಎಳೆದುಕೊಂಡು ಕೂತರು.

"ಏನಮ್ಮಾ, ಇದು ಸಾಮಾನ್ಯ ಕೆಲಸ ಅಲ್ಲ. ಪೆಟ್ಟಿಗೆ ಒಂದು ವಾರ ಕೊಡಿ, ನೋಡಿ ಕೊಡ್ತೀನಿ."

ಅಕ್ಕ ಉಬ್ಬಿಹೋದಳು. ಪ್ರೊಫೆಸರ್ ಅಂಥವರು ನೋಡುತ್ತೇನೆ ಎಂದರೆ ಸಾಮಾನ್ಯವೇ? ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಳು. ಒಂದು ವಾರ ನಾಲ್ಕು ತಿಂಗಳಾಯಿತು. ವಾಪಸು ಬಂದಾಗ ಮುಚ್ಚಳದ ಮೇಲೆ ಕಾಫಿ ಲೋಟದ ಗುರುತಿತ್ತು. ದೊಡ್ಡವರು ಓದಿದ್ದಾರೆ ಎನ್ನುವುದಕ್ಕೆ ಸಾಕ್ಷಿ ಎಂದು ಆ ಗುರುತನ್ನೂ ಒರೆಸಲಿಲ್ಲ, ಪೆದ್ದಿ.

ಈ ವರ್ಷ ಒಂದು ಸೋಮವಾರ ಪ್ರೆಸ್ಸಿನಿಂದ ಕೈಗಾಡಿಯಲ್ಲಿ ಅಚ್ಚಾದ ಫಾರಂಗಳು, ಅಂದರೆ ಹದಿನಾರು ಪುಟಕ್ಕೊಂದರಂತೆ ಮಡಿಸುವ ದೊಡ್ಡ ಹಾಳೆಗಳು, ಬಂದವು. ಐನೂರು ಪ್ರತಿ, ಕಾಲೇಜಿನದೇ ಪ್ರಕಟಣೆ. ಶನಿವಾರ ಬಿಡುಗಡೆ, ಶುಕ್ರವಾರ ಸಂಜೆಗೆ ಬೇಕು. ಅಕ್ಕ ಮಡಿಸಿದ ಫಾರಂಗಳನ್ನು ಸಾಲಾಗಿ ಇಟ್ಟು, ಒಂದೊಂದೇ ಎತ್ತಿ ಜೋಡಿಸತೊಡಗಿದಳು. ತಲೆ ನೋಡು, ಕಾಲು ನೋಡು, ನಂಬರ್ ನೋಡು. ಮೂರನೇ ಫಾರಮ್ಮಿನ ಮೊದಲ ಸಾಲಿನಲ್ಲಿ ಕಣ್ಣು ನಿಂತಿತು. ಅಲ್ಲಿ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಇತ್ತು. ಹಿಂದಿನ ಪುಟ ತಿರುವಿದಳು. ಅಲ್ಲಿ ಕುಡಿತ ಮತ್ತು ಜಗ್ಗಾಟ ಇತ್ತು. ಕೆಲಸ ಬಿಟ್ಟು ಕೂತು, ಯಜಮಾನರ ಮಾತು ಮೀರಿ, ಇಡೀ ಪುಸ್ತಕ ಓದಿದಳು. ಎಲ್ಲ ಅವಳದೇ. ಚೀಟಿಗಳ ಅನುಕ್ರಮ ಕೂಡ ಅವಳದೇ. ಕೊನೆಗೆ ಮೊದಲ ಪುಟ ನೋಡಿದಳು. "ಒಂದೇ ದನಿಯ ಪದಗಳು", ಕೆಳಗೆ ಕೋಟು ಪ್ರೊಫೆಸರರ ಹೆಸರು, ಪದವಿಗಳ ಬಾಲ ಸಮೇತ.

ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ನಾಚಿಕೆ, ಪೆಟ್ಟಿಗೆ ಸೀರೆಯಲ್ಲಿ ಸುತ್ತಿ ಕೊಟ್ಟದ್ದು ನೆನಪಾಗಿ.

ಮಧ್ಯಾಹ್ನ ಮನೆಗೆ ಹೋದವಳು ಊಟಕ್ಕೆ ಕೂತು ತಟ್ಟೆ ಸರಿಸಿದಳು. ಅಮ್ಮನಿಗೆ ಎಂಬತ್ತು ದಾಟಿದೆ, ಓದು ಬರಹ ಇಲ್ಲ, ನಾಲಿಗೆಗೆ ಮಾತ್ರ ಮುಪ್ಪು ಬಂದಿಲ್ಲ. "ಏನಾಯ್ತೇ?" ಎಂದಳು. ಕೋಟು ಪ್ರೊಫೆಸರ್ ತನ್ನ ಚೀಟಿಗಳನ್ನು ಅವರ ಹೆಸರಲ್ಲಿ ಅಚ್ಚು ಹಾಕಿಸಿದ್ದನ್ನು ಹೇಳಿ, ಅಕ್ಕ ಜೊತೆಗೆ ತಂದಿದ್ದ ಒಂದು ಪುಟ ಓದಿದಳು.

"ಮೈಯ ಮಾಂಸಖಂಡವೂ ಮಸಲ್, ಕಡಲ ಚಿಪ್ಪಿನೊಳಗಿನ ಜೀವಿಯೂ ಮಸಲ್. ಮೂಲ ಅರ್ಥ ಸಣ್ಣ ನೊಣ. ಗಾಡಿಯ ಕುದುರೆಯ ಹೆಗಲ ಮೇಲೆ ನೊಣ ಕೂತರೆ ಅಷ್ಟೇ ಜಾಗದ ಚರ್ಮ ಪಟಪಟ ಅದುರುತ್ತದೆ. ಎಡಗಣ್ಣು ಕಾಣದ ಕುದುರೆಗೂ ಎಡ ಹೆಗಲ ಮೇಲಿನ ನೊಣ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಮಾಂಸಖಂಡ ಕಾಣುತ್ತದೆ."

ಅಮ್ಮ ತುತ್ತು ಕೆಳಗಿಟ್ಟಳು. "ಎಡಗಣ್ಣು ಕಾಣದ್ದು ನಮ್ಮ ಕುದುರೆಗಲ್ವೇನೇ? ನಿಮ್ಮಪ್ಪನದು! ಅವನು ಯಾರು ಅದನ್ನ ಬರೆಯೋಕೆ? ಹುಲ್ಲು ಹಾಕಿದ್ನಾ? ಲದ್ದಿ ಬಾಚಿದ್ನಾ?"

"ದೊಡ್ಡವರು ಅಮ್ಮ. ಕಾಲೇಜಿನ ಕೆಲಸವೆಲ್ಲ ಅವರ ಕೈಲಿದೆ. ಅದೇ ನಮಗೆ ಅರ್ಧ ಅನ್ನ."

"ಉಳಿದರ್ಧ ಉಣ್ಣೋಣ. ಹೋಗಿ ಕೇಳು. ಕೇಳದೆ ಬಂದರೆ ಈ ಮನೇಲಿ ಆ ಅರ್ಧವೂ ಇಲ್ಲ ನಿನಗೆ."

ಮರುದಿನ ಅಕ್ಕ ಪ್ರೊಫೆಸರರ ಕೋಣೆಗೆ ಹೋದಳು. ಕೂರಿ ಎಂದು ಅವರು ಹೇಳಲಿಲ್ಲ. ಇವಳು ಕೂತಳು.

"ಸಾರ್, ನಿಮ್ಮ ಪುಸ್ತಕದಲ್ಲಿರೋದೆಲ್ಲ ನನ್ನ ಪೆಟ್ಟಿಗೆ."

ಪ್ರೊಫೆಸರ್ ನಕ್ಕರು. ಮೆತ್ತಗಿನ ನಗು, ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರಿಗೆ ಕೊಡುವಂಥದ್ದು. "ಪದಗಳು ಯಾರಪ್ಪನ ಸ್ವತ್ತೂ ಅಲ್ಲಮ್ಮ. ಎಲ್ಲಾ ಡಿಕ್ಷನರಿಯಲ್ಲಿ ಇರೋದೇ. ನೀವೂ ಅಲ್ಲಿಂದ ತಗೊಂಡ್ರಿ, ನಾನೂ ಅಲ್ಲಿಂದ ತಗೊಂಡೆ."

"ಕುದುರೆ?"

"ಕುದುರೆ ಚರ್ಮ ಅದುರೋದು ಲೋಕಕ್ಕೆಲ್ಲಾ ಗೊತ್ತು. ನೋಡಿ, ಕೊನೇ ಪುಟದಲ್ಲಿ ನಿಮಗೂ ಕೃತಜ್ಞತೆ ಹೇಳಿದೀನಿ, ಬೈಂಡಿಂಗ್ ಕೆಲಸದವರಿಗೆ ಅಂತ. ಒಂಬತ್ತನೇ ಕ್ಲಾಸ್ ಓದಿದವರು ಇಂಗ್ಲಿಷ್ ಪದಗಳ ಮೂಲ ಬರೆದರು ಅಂದ್ರೆ ಯಾರು ನಂಬ್ತಾರೆ? ನನ್ನ ಹೆಸರಿದ್ರೆ ನಾಲ್ಕು ಜನ ಓದ್ತಾರೆ. ಶುಕ್ರವಾರಕ್ಕೆ ಆಗುತ್ತೆ ತಾನೇ? ಇಲ್ಲಾಂದ್ರೆ ಈಗಲೇ ಹೇಳಿ. ಇದನ್ನೂ ಬೇರೆ ಕಡೆ ಕೊಡ್ತೀನಿ, ಇನ್ಮೇಲಿನದನ್ನೂ ಬೇರೆ ಕಡೆ ಕೊಡ್ತೀನಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹಳೇ ಮಾತು. ಈ ಬೆಕ್ಕು ಕಣ್ಣು ತೆರೆದೇ ಕುಡಿದು, ಹಾಲು ಚೆನ್ನಾಗಿತ್ತು ಎಂದು ಹೇಳುತ್ತಿತ್ತು.

ಅಕ್ಕ ಅಲ್ಲಿಂದ ನೇರ ಲೈಬ್ರರಿಗೆ ಹೋದಳು. ಎಲ್ಲಾ ಡಿಕ್ಷನರಿಯಲ್ಲಿದೆ ಎಂದರಲ್ಲ, ಏನಿದೆ ಏನಿಲ್ಲ ಎಂದು ಕಣ್ಣಾರೆ ನೋಡಿಬಿಡೋಣ ಎಂದು. ತಾನೇ ಹೊಲಿದ ಎರಡನೇ ಸಂಪುಟ ಕಪಾಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ಮೂವತ್ತು ವರ್ಷವಾದರೂ ಒಂದು ದಾರ ಸಡಿಲವಾಗಿರಲಿಲ್ಲ. ಮಸಲ್ ಪದ ಹುಡುಕಿದಳು. ಹಾಳೆಯ ಕೊನೆಯ ಸಾಲಿನಲ್ಲಿ "ಸಣ್ಣ" ಎನ್ನುವಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಹಾಳೆಯ ಮೊದಲ ಪದ "ನೊಣ". ಸರಿಯಾಗಿಯೇ ಇದೆ.

ಆದರೆ ಬೆರಳು ಏನೋ ಹೇಳಿತು. ಆ ಕೊನೆಯ ಸಾಲಿನ ಪಕ್ಕದಲ್ಲಿ ಪುಸ್ತಕದ ಹುಳು ಕೊರೆದ ಸಾಸಿವೆಯಷ್ಟು ತೂತು. ಮುಂದಿನ ಹಾಳೆ ಮುಟ್ಟಿದಳು, ತೂತಿಲ್ಲ. ಅದರ ಮುಂದಿನದನ್ನು ಮುಟ್ಟಿದಳು, ತೂತಿದೆ. ಹುಳು ಒಂದು ಹಾಳೆ ಕೊರೆದು, ಇನ್ನೊಂದನ್ನು ಹಾರಿ, ಮೂರನೆಯದನ್ನು ಕೊರೆಯುವುದಿಲ್ಲ. ಹಾಳೆಗೆ ಹಾಳೆ ಕೊರೆದುಕೊಂಡು ಹೋಗಿ, ಸಾಕಾದಲ್ಲಿ ನಿಲ್ಲುತ್ತದೆ. ಹಾಗಾದರೆ ತೂತಿರುವ ಎರಡೂ ಹಾಳೆ ಒಂದರ ಹಿಂದೆ ಒಂದು ಇರಬೇಕಿತ್ತು. ನಡುವೆ ಕೂತಿರುವ ತೂತಿಲ್ಲದ ಹಾಳೆ ಆಮೇಲೆ ಬರಬೇಕಿತ್ತು.

ತೂತಿರುವ ಎರಡನೇ ಹಾಳೆಯ ಮೊದಲ ಪದ ಓದಿದಳು. "ಇಲಿ."

ಸಣ್ಣ ಇಲಿ. ಚರ್ಮದ ಕೆಳಗೆ ಮಾಂಸಖಂಡ ಓಡಾಡುವುದು ಪುಟ್ಟ ಇಲಿ ಓಡಾಡಿದ ಹಾಗೆ ಕಂಡಿತ್ತು ಆ ಕಾಲದವರಿಗೆ. ಆ ಹಾಳೆಯ ಕೊನೆಯಲ್ಲಿ ಮಸ್ಕೆಟ್ ಎಂಬ ಬಂದೂಕಿನ ಪದ ಇತ್ತು, ಅದರ ಮೂಲವೂ "ಸಣ್ಣ" ಎನ್ನುವಲ್ಲಿಗೆ ನಿಂತಿತ್ತು. ನೊಣ ಆ ಬಂದೂಕಿನದು. ಎರಡು ಹಾಳೆಯ ಕೊನೆಯಲ್ಲೂ ಒಂದೇ ಮಾತು. ನಂಬರನ್ನು ಇಲಿ ತಿಂದಿತ್ತು. ಇಲಿ ತನ್ನ ಹೆಸರಿಗೆ ತಾನೇ ಮಣ್ಣು ಹಾಕಿಕೊಂಡಿತ್ತು. ಮೂವತ್ತು ವರ್ಷದ ಹಿಂದೆ ಈ ಹಾಳೆ ಕೈಗೆ ಬಂದಾಗ "ಸಣ್ಣ ನೊಣ" ಎಂದು ಓದಿದ್ದೇ ತಡ ಅವಳಿಗೆ ಅಪ್ಪನ ಕುದುರೆಯ ಹೆಗಲು ಕಣ್ಣಿಗೆ ಕಟ್ಟಿತ್ತು. ಆ ಸಂತೋಷದಲ್ಲಿ ಕೆಳಗಿನ ಸಾಲು ನೋಡದೆ ಹೊಲಿದುಬಿಟ್ಟಿದ್ದಳು. ಓದದ ಬೈಂಡರ್ ಮಾಡುವ ತಪ್ಪಲ್ಲ ಇದು.

ಅಕ್ಕ ಲೈಬ್ರರಿಯ ಬೆಂಚಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಳು. ಎಷ್ಟು ಮಕ್ಕಳಿಗೆ ಹೇಳಿದ್ದಳೋ ಈ ನೊಣವನ್ನು! ಮುನ್ನೂರ ಹನ್ನೆರಡನ್ನೂ ಮನಸ್ಸಿನಲ್ಲೇ ತಿರುವಿ ಹಾಕಿದಳು. ಉಳಿದವನ್ನೆಲ್ಲ ಕರಡು ತಿದ್ದುವವರ ಇನ್ನೊಂದು ನಿಘಂಟಿನಲ್ಲಿ ತಾಳೆ ನೋಡಿಯೇ ಬರೆದಿದ್ದಳು. ಇದೊಂದರ ಮೇಲೆ ಮಾತ್ರ ಅನುಮಾನವೇ ಬಂದಿರಲಿಲ್ಲ, ಅಷ್ಟು ಇಷ್ಟವಾಗಿತ್ತು.

ಈಗ ಅವಳ ಮುಂದೆ ಎರಡೇ ದಾರಿ. ರಿಪೇರಿ ಎಂದು ಹೇಳಿ ಸಂಪುಟವನ್ನು ಅಂಗಡಿಗೆ ಒಯ್ದು, ಆ ಹಾಳೆಯನ್ನು ಸರಿಯಾದ ಜಾಗಕ್ಕೆ ಕೂರಿಸಿಬಿಟ್ಟರೆ ಹುಳಕ್ಕೂ ಗೊತ್ತಾಗುವುದಿಲ್ಲ. ನಲವತ್ತು ವರ್ಷದ ಹೆಸರು ಉಳಿಯುತ್ತದೆ, ಪುಸ್ತಕ ಹೋಗುತ್ತದೆ. ಇಲ್ಲವೇ ಎಲ್ಲರೆದುರು ಈ ಹಾಳೆ ತೆರೆದು ತೋರಿಸಬೇಕು. ಪ್ರೊಫೆಸರರ ಕಳವಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ಯಾಕೆಂದರೆ ಲೋಕದ ಬೇರೆ ಯಾವ ನಿಘಂಟಿನಲ್ಲೂ ಈ ನೊಣ ಇಲ್ಲ. ಆದರೆ ಹಾಳೆ ತಪ್ಪಿಸಿದ ಬೈಂಡರ್ ಎಂಬ ಮಾತು ಸಾಯುವ ತನಕ ಬೆನ್ನು ಬಿಡುವುದಿಲ್ಲ. ಬೈಂಡರಿಗೆ ಅದಕ್ಕಿಂತ ದೊಡ್ಡ ಮಾನಭಂಗ ಇನ್ನೊಂದಿಲ್ಲ.

ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ವಿಷಯ ಹೊಳೆದು ಒಬ್ಬಳೇ ನಕ್ಕಳು. ಕಳ್ಳ ಒಳ್ಳೆಯದನ್ನೆಲ್ಲ ಹೊತ್ತುಕೊಂಡು ಹೋಗಬಹುದು. ತಪ್ಪನ್ನು ನನ್ನದು ಎನ್ನುವ ಧೈರ್ಯ ಕಳ್ಳನಿಗೆ ಎಲ್ಲಿಂದ ಬರಬೇಕು?

ಬುಧವಾರ ಬೆಳಿಗ್ಗೆ ಸಂಪುಟ, ಚೀಟಿ, ಅಚ್ಚಾದ ಪುಟ ಮೂರನ್ನೂ ಹಿಡಿದು ಪ್ರಿನ್ಸಿಪಾಲ್ ಮೇಡಂ ಕೋಣೆಗೆ ಹೋದಳು. ಮೇಡಂ ಪ್ರಾಣಿಶಾಸ್ತ್ರದವರು, ಹೆಚ್ಚು ಮಾತಿಲ್ಲದವರು. ಪ್ರೊಫೆಸರರನ್ನೂ ಕರೆಸಿದರು. ಅವರು ಬಂದು, ಅಕ್ಕನನ್ನು ನೋಡಿ, ಕೋಟಿನ ಗುಂಡಿ ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಇನ್ನೂ ಯಾರೂ ಏನೂ ಅಂದಿರಲೇ ಇಲ್ಲ.

"ಸಾರ್, ಮಸಲ್ ಅಂದ್ರೆ ಸಣ್ಣ ನೊಣ ಅಂತ ಬರೆದಿದೀರಲ್ಲ," ಎಂದಳು ಅಕ್ಕ. "ನೀವೇ ನೋಡಿದ್ದಾ?"

"ಅನುಮಾನವೇ? ನಮ್ಮ ಕಾಲೇಜಿನ ದೊಡ್ಡ ಡಿಕ್ಷನರಿಯಲ್ಲಿ ಖುದ್ದು ನೋಡಿದೀನಿ."

ಮೇಡಂ ಹುಬ್ಬೇರಿಸಿದರು. "ನೊಣನಾ? ನಾವು ಓದಿದ್ದು ಇಲಿ ಅಂತ. ಸಣ್ಣ ಇಲಿ. ಮೊದಲ ವರ್ಷದ ಮಕ್ಕಳಿಗೂ ಹೇಳ್ತೀವಲ್ಲ."

ಅಕ್ಕ ಸಂಪುಟ ತೆರೆದು, ಕಿಟಕಿಯ ಬೆಳಕಿಗೆ ಹಾಳೆಗಳನ್ನು ಒಂದೊಂದೇ ಎತ್ತಿ ಹಿಡಿದಳು. ತೂತಿನಿಂದ ಬೆಳಕು ಬಂತು. ಮುಂದಿನ ಹಾಳೆಯಲ್ಲಿ ಬರಲಿಲ್ಲ. ಅದರ ಮುಂದಿನದರಲ್ಲಿ ಮತ್ತೆ ಬಂತು. "ಹುಳು ಹಾರಲ್ಲ ಮೇಡಂ. ಈ ಹಾಳೆ ಜಾಗ ತಪ್ಪಿದೆ. ಮೂವತ್ತು ವರ್ಷದ ಹಿಂದೆ ತಪ್ಪಿಸಿದವಳು ನಾನು." ನಡೆದದ್ದನ್ನು ಪೂರ್ತಿ ಹೇಳಿದಳು.

ಪ್ರೊಫೆಸರರಿಗೆ ಜೀವ ಬಂತು. "ನೋಡಿ ಮೇಡಂ! ಬೈಂಡಿಂಗಿನವರು ಮಾಡಿದ ತಪ್ಪಿನಿಂದ ನನ್ನಂಥವರು ಕೂಡ ಮೋಸ ಹೋಗಬೇಕಾಯ್ತು."

"ಸರಿ ಸಾರ್. ಹಾಳೆ ನಿಮಗೆ ಮೋಸ ಮಾಡ್ತು ಅಂತಲೇ ಇಟ್ಕೊಳ್ಳೋಣ. ಎಡಗಣ್ಣು ಕಾಣದ ಕುದುರೆ ಯಾವ ಹಾಳೆಯಲ್ಲಿತ್ತು, ತೋರಿಸಿ. ಆ ಕುದುರೆ ನಮ್ಮಪ್ಪನದು. ಅದರ ಕಣ್ಣು ಹೋದದ್ದು ನಮ್ಮ ಮನೆಯವರನ್ನ ಬಿಟ್ರೆ ಈ ಚೀಟಿಗೆ ಮಾತ್ರ ಗೊತ್ತು." ಹಳದಿ ತಿರುಗಿದ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಅಚ್ಚಾದ ಪುಟ ಇಟ್ಟಳು. ಅಕ್ಷರಕ್ಕೆ ಅಕ್ಷರ ಒಂದೇ. ಮೇಡಂ ಎರಡನ್ನೂ ಓದಿದರು, ಮತ್ತೆ ಓದಿದರು.

"ಈಗ ಒಂದೇ ಪ್ರಶ್ನೆ ಸಾರ್," ಎಂದಳು ಅಕ್ಕ. "ಈ ನೊಣ ನಿಮ್ಮದಾ, ನನ್ನದಾ? ನಿಮ್ಮದಾದ್ರೆ ಶನಿವಾರ ವೇದಿಕೆ ಮೇಲೆ ನಿಂತು ಹೇಳಿ, ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ ನಾನು ಇನ್ನೊಂದು ಡಿಕ್ಷನರಿ ತೆರೆದು ನೋಡಲಿಲ್ಲ ಅಂತ. ಮೊದಲ ವರ್ಷದ ಮಕ್ಕಳು ನಗ್ತಾರೆ, ನಗಲಿ. ನನ್ನದಾದ್ರೆ ನನ್ನದು ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳಿಯಾಯ್ತು."

ಅತ್ತ ದರಿ, ಇತ್ತ ಪುಲಿ. ಪ್ರೊಫೆಸರ್ ಕಿಟಕಿ ನೋಡಿದರು, ಗೋಡೆ ನೋಡಿದರು. ಮೇಡಂ ಕಾಯುತ್ತಿದ್ದರು. ಕೊನೆಗೆ ಕೋಟಿನೊಳಗಿಂದ ಒಂದು ಸಣ್ಣ ದನಿ ಹೊರಟಿತು. "ಅವರದು."

ಆಮೇಲೆ ಚೌಕಾಸಿ ಶುರುವಾಯಿತು. ಇಬ್ಬರ ಹೆಸರೂ ಹಾಕೋಣ, ಮೊದಲು ತಮ್ಮದು, ಕೆಳಗೆ ಸಹಾಯ ಎಂದು ಇವರದು ಎಂದರು ಪ್ರೊಫೆಸರ್. ಅಕ್ಕ ತಲೆ ಅಲ್ಲಾಡಿಸಿದಳು. "ಮುನ್ನುಡಿ ನೀವು ಬರೆದದ್ದು. ಓದಿದೆ, ಚೆನ್ನಾಗಿದೆ. ಅದರ ಕೆಳಗೆ ನಿಮ್ಮ ಹೆಸರಿರಲಿ. ಅದು ನಿಮ್ಮದು."

"ಎಲ್ಲಾ ಅಚ್ಚಾಗಿ ಹೋಗಿದೆಯಲ್ಲಮ್ಮ. ಶನಿವಾರ ಬಿಡುಗಡೆ!"

"ಮೊದಲ ಹಾಳೆ ಒಂದನ್ನೇ ಕತ್ತರಿಸಿ, ಹೊಸದನ್ನ ಅಂಟಿಸಬಹುದು. ಬುಡದಲ್ಲಿ ಒಂದು ಬೆರಳಗಲ ಬಿಟ್ಟು ಕತ್ತರಿಸಿದ್ರೆ ಆಯ್ತು. ಐನೂರನ್ನೂ ನಾನೇ ಮಾಡ್ತೀನಿ."

ಮೇಡಂ ಪೆನ್ನು ತೆಗೆದರು. "ಹೆಸರು ಹೇಗೆ ಹಾಕಿಸಲಿ? ಪೂರ್ತಿ ಹೆಸರು, ಮುಂದೆ ಏನಾದರೂ..." ಪದವಿ ಎಂಬ ಮಾತು ನುಂಗಿಕೊಂಡರು.

"ಬೈಂಡಿಂಗಕ್ಕ ಅಂತ ಹಾಕಿ ಮೇಡಂ. ಊರೆಲ್ಲಾ ಅದೇ ತಾನೇ ಕರೆಯೋದು."

"ಪುಸ್ತಕದ ಮೇಲೆ ಬೈಂಡಿಂಗಕ್ಕ ಅಂದ್ರೆ ಚೆನ್ನಾಗಿರುತ್ತಾ?" ಎಂದರು ಪ್ರೊಫೆಸರ್, ತಡೆಯಲಾರದೆ.

"ಪುಸ್ತಕದ ಒಳಗೆ ಚೆನ್ನಾಗಿತ್ತಲ್ಲ ಸಾರ್," ಎಂದಳು ಅಕ್ಕ.

ಸುದ್ದಿಗೆ ಕಾಲು ಬೇಕಿಲ್ಲ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು, ಅದೂ ಹೇಗೆ ಗೊತ್ತಾಗಬಾರದೋ ಹಾಗೆ. ಪುಸ್ತಕದ ವಿಷಯ ಹಿಂದೆ ಬಿತ್ತು, ಹಾಳೆಯ ವಿಷಯ ಮುಂದೆ ಓಡಿತು. ಪ್ರೆಸ್ಸಿನವನೊಬ್ಬ ಬಾಗಿಲಲ್ಲಿ ಇಣುಕಿ, "ಅಕ್ಕನ ಕೈಯಲ್ಲೂ ಹಾಳೆ ತಪ್ಪುತ್ತಂತಲ್ಲ! ಅಂಗಡಿಗೆ ಬೀಗ ಯಾವಾಗ?" ಎಂದ. ಅಕ್ಕ ಚಾಕು ಕೆಳಗಿಡಲಿಲ್ಲ. "ನಲವತ್ತು ವರ್ಷಕ್ಕೆ ಒಂದು ಹಾಳೆ. ನೀನು ಬೆಳಿಗ್ಗೆಯಿಂದ ಅಚ್ಚು ಹಾಕಿದ್ದರಲ್ಲಿ ಎಷ್ಟು ಅಂತ ಎಣಿಸಿಕೊಂಡು ಬಾ, ಇಬ್ಬರೂ ಒಟ್ಟಿಗೆ ಬೀಗ ಹಾಕೋಣ." ಅವನು ಹೋದಮೇಲೆ ಸ್ವಲ್ಪ ಹೊತ್ತು ಕೈ ಓಡಲಿಲ್ಲ. ನೋವಾಗಿತ್ತು. ಮತ್ತೆ ಓಡಿತು.

ಎರಡು ದಿನ ಹಾಳೆ ಕತ್ತರಿಸಿದಳು, ಅಂಟಿಸಿದಳು, ಒತ್ತಿಟ್ಟಳು. ಅಮ್ಮ ಪಕ್ಕದಲ್ಲಿ ಕೂತು, ಕಿತ್ತ ಹಾಳೆಗಳನ್ನು ಬುಟ್ಟಿಗೆ ತುಂಬಿದಳು, ಪ್ರತಿಯೊಂದನ್ನೂ ಚೆನ್ನಾಗಿ ಮುದುರಿ. ಶುಕ್ರವಾರ ಮಧ್ಯಾಹ್ನ ಇನ್ನೊಂದು ಕೆಲಸ ಉಳಿದಿತ್ತು. ನೊಣದ ಪುಟವನ್ನೂ ಕಿತ್ತು ಹೊಸದಾಗಿ ಅಚ್ಚು ಹಾಕಿಸೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಮೇಡಂ ಹೇಳಿ ಕಳಿಸಿದ್ದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಅಕ್ಕ ಒಪ್ಪಲಿಲ್ಲ. ಮಕ್ಕಳಿಗೆ ಮೂವತ್ತು ವರ್ಷ ಬಾಯಿಬಿಟ್ಟು ಹೇಳಿದ ತಪ್ಪನ್ನು ಕದ್ದುಮುಚ್ಚಿ ಸರಿಮಾಡುವುದು ಅವಳಿಗೆ ಬೇಕಿರಲಿಲ್ಲ. ಬದಲಿಗೆ ಒಂದು ತಿದ್ದುಪಡಿ ಚೀಟಿ ಬರೆದು ಪ್ರೆಸ್ಸಿಗೆ ಕೊಟ್ಟು, ಐನೂರು ಅಚ್ಚು ಹಾಕಿಸಿ, ಆ ಪುಟದ ಕೆಳಗೆ ಒಂದೊಂದಾಗಿ ಅಂಟಿಸಿದಳು.

ಪ್ರತಿಗಳನ್ನು ನೋಡಲು ಬಂದ ಪ್ರೊಫೆಸರ್ ಆ ಚೀಟಿ ಓದಿದರು. ಮೊದಲ ಎರಡು ಸಾಲು ಸರಿ, ಕೊನೆಯ ಸಾಲಿನ ಅಗತ್ಯ ಏನಿತ್ತು ಎಂದು ಗೊಣಗಿದರು.

"ಅಂಟು ಒಣಗಿಹೋಗಿದೆ ಸಾರ್," ಎಂದಳು ಅಕ್ಕ.

ಚೀಟಿಯಲ್ಲಿ ಹೀಗಿತ್ತು:

"ಈ ಪುಟದಲ್ಲಿ ನೊಣ ಎಂದಿರುವುದು ಇಲಿ ಎಂದಿರಬೇಕು. ತಪ್ಪು ನನ್ನದು. ಉಳಿದ ಮುನ್ನೂರ ಹನ್ನೊಂದೂ ನನ್ನವೇ."